ಬೈಕಿಗೆ ವಿಂಡ್‌ಶೀಲ್ಡ್ ಹಾಕಿಸಿದರೆ ಹೈವೇಯಲ್ಲಿ ಗಾಡಿ ಅಲುಗಾಡುವುದಿಲ್ಲವೇ?

ಕಳೆದ ಜೂನ್‌ನಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಚಿಕ್ಕಪ್ಪ ಒಂದು ವಿಡಿಯೊ ಹಾಕಿದ್ದರು. ಬೈಕಿನ ಹ್ಯಾಂಡಲ್‌ಗೆ ದೊಡ್ಡದೊಂದು ಪಾರದರ್ಶಕ ವಿಂಡ್‌ಶೀಲ್ಡ್ ಕೂರಿಸುತ್ತಾ ಒಬ್ಬರು ವಿವರಿಸುತ್ತಿದ್ದರು: ಇದನ್ನು ಹಾಕಿಸಿದರೆ ಬೈಕ್ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಹೈವೇಯಲ್ಲಿ ಸ್ವಲ್ಪವೂ ಅಲುಗಾಡುವುದಿಲ್ಲ, ಮೈಲೇಜೂ ಜಾಸ್ತಿ ಬರುತ್ತದೆ. ಎರಡು ವಾರ ಕಳೆದ ಮೇಲೆ ಚಿಕ್ಕಪ್ಪ ತಮ್ಮ ಗಾಡಿಗೂ ಅಂಥದ್ದೇ ಒಂದನ್ನು ಹಾಕಿಸಿಕೊಂಡು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೊರಟರು. ದಾರಿಯಲ್ಲಿ ಲಾರಿಯೊಂದನ್ನು ದಾಟುವಾಗ ಯಾರೋ ಹ್ಯಾಂಡಲ್‌ಗೆ ಕೈಹಾಕಿ ಎಳೆದಂತಾಯಿತಂತೆ. ಪುಣ್ಯಕ್ಕೆ ಬೀಳಲಿಲ್ಲ. ಪಕ್ಕಕ್ಕೆ ನಿಲ್ಲಿಸಿ, ಕೈ ನಡುಕ ನಿಲ್ಲುವವರೆಗೆ ಕೂತಿದ್ದು, ಉಳಿದ ದಾರಿಯನ್ನು 40ರ ವೇಗದಲ್ಲಿ ಮುಗಿಸಿದರು.

ಹಾಗಾದರೆ ಆ ವಿಡಿಯೊದಲ್ಲಿ ಹೇಳಿದ್ದೆಲ್ಲ ಸುಳ್ಳೇ? ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ವಿಂಡ್‌ಶೀಲ್ಡ್‌ನಿಂದ ಆರಾಮ ಸಿಗುವುದು ನಿಜ. ಆದರೆ ಅದು ಗಾಳಿಯನ್ನು ಇಲ್ಲವಾಗಿಸುವುದಿಲ್ಲ. ಅಷ್ಟು ಹೊತ್ತು ನಿಮ್ಮ ಎದೆಯನ್ನು ತಳ್ಳುತ್ತಿದ್ದ ಗಾಳಿ ಈಗ ಬೈಕನ್ನು ತಳ್ಳುತ್ತದೆ. ಬೈಕಿನ ಯಾವ ಭಾಗವನ್ನು ತಳ್ಳುತ್ತದೆ ಎನ್ನುವುದರ ಮೇಲೆ ಗಾಡಿ ಗಟ್ಟಿಯಾಗಿ ನಿಲ್ಲುತ್ತದೋ ಹೊಯ್ದಾಡುತ್ತದೋ ಎಂಬುದು ನಿಂತಿದೆ.

ಎದೆಯ ಮೇಲೆ ಎಷ್ಟು ಭಾರ?

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ದುಪ್ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ನೆಟ್ಟಗೆ ಕೂತು ಓಡಿಸುವ ಸಾಮಾನ್ಯ ಬೈಕ್ ಮತ್ತು ಸವಾರ ಇಬ್ಬರನ್ನೂ ಸೇರಿಸಿ ಅಂದಾಜು ಲೆಕ್ಕ ಹಾಕಿದರೆ, 40 ಕಿ.ಮೀ. ವೇಗದಲ್ಲಿ ಗಾಳಿ ಸುಮಾರು ನಾಲ್ಕೂವರೆ ಕೆ.ಜಿ. ತೂಕದಷ್ಟು ಬಲದಿಂದ ಹಿಂದಕ್ಕೆ ತಳ್ಳುತ್ತದೆ. 80ಕ್ಕೆ ಅದು 18 ಕೆ.ಜಿ., 100ಕ್ಕೆ 28 ಕೆ.ಜಿ. ಇದೂ ಗಾಳಿ ಬೀಸದ ದಿನದ ಮಾತು. ನೀವು 80ರಲ್ಲಿ ಹೋಗುವಾಗ ಎದುರಿನಿಂದ 30 ಕಿ.ಮೀ. ವೇಗದ ಗಾಳಿ ಬೀಸುತ್ತಿದ್ದರೆ ಬೈಕಿನ ಪಾಲಿಗೆ ಅದು 110. ಒತ್ತಡ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ.

ಇದರಲ್ಲಿ ದೊಡ್ಡ ಪಾಲು ಬೀಳುವುದು ಸವಾರನ ಎದೆ, ಭುಜ, ಹೆಲ್ಮೆಟ್ ಮೇಲೆ. ಹಿಂದಕ್ಕೆ ಹೋಗದಿರಲು ಅವನು ಹ್ಯಾಂಡಲ್ ಅನ್ನು ಬಿಗಿಯಾಗಿ ಹಿಡಿದು ಎಳೆದುಕೊಂಡಿರುತ್ತಾನೆ. ಗಾಳಿ ಒಂದೇ ಸಮನೆ ಬೀಸುವುದಿಲ್ಲವಲ್ಲ, ಹಾಗಾಗಿ ಮೈ ಅಲುಗಿದಷ್ಟೂ ಕೈ ಅಲುಗುತ್ತದೆ, ಕೈ ಅಲುಗಿದಷ್ಟೂ ಹ್ಯಾಂಡಲ್. ಗಂಟೆಗಟ್ಟಲೆ ಹೀಗೆ ಓಡಿಸಿದ ಮೇಲೆ ಭುಜ ಬಿಗಿದುಕೊಳ್ಳುವುದೂ ಇದಕ್ಕೇ.

ವಿಂಡ್‌ಶೀಲ್ಡ್ ಈ ಭಾರವನ್ನು ಎದೆಯಿಂದ ಇಳಿಸುತ್ತದೆ. ಹಿಡಿತ ಸಡಿಲಾಗುತ್ತದೆ, ಆಯಾಸ ಕಡಿಮೆ, ಹ್ಯಾಂಡಲ್ ನೆಮ್ಮದಿಯಾಗಿರುತ್ತದೆ. ಹಾಕಿಸಿದವರು "ಗಾಡಿ ಸ್ಮೂತ್ ಆಯ್ತು" ಎನ್ನುವುದು ಬರೀ ಭ್ರಮೆಯಲ್ಲ.

ಹ್ಯಾಂಡಲ್ ತಿರುಗಿಸಿ ನೋಡಿ

ಗಾಡಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ. ವಿಂಡ್‌ಶೀಲ್ಡ್ ಕೂಡ ಜೊತೆಗೆ ತಿರುಗಿದರೆ ಅದು ಹ್ಯಾಂಡಲ್‌ಗೋ ಮುಂದಿನ ಫೋರ್ಕಿಗೋ ಬಿಗಿದದ್ದು. ಅದು ನೆಟ್ಟಗೆ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ಚಾಸಿಸ್‌ಗೆ ಬಿಗಿದದ್ದು. ಅಂಗಡಿಯಲ್ಲಿ ಬೇರೆ ತಂದು ಹಾಕಿಸುವವು ಬಹುಪಾಲು ಮೊದಲನೆಯ ಜಾತಿಯವು. ಎರಡು ಕ್ಲಾಂಪ್, ನಾಲ್ಕು ಬೋಲ್ಟ್, ಹತ್ತು ನಿಮಿಷದ ಕೆಲಸ.

ಚಾಸಿಸ್‌ಗೆ ಬಿಗಿದಿದ್ದರೆ ಗಾಳಿ ಇಡೀ ಗಾಡಿಯನ್ನು ತಳ್ಳುತ್ತದೆ. ಹ್ಯಾಂಡಲ್‌ಗೆ ಬಿಗಿದಿದ್ದರೆ ಗಾಳಿಯ ಕೈ ನೇರವಾಗಿ ಸ್ಟೀರಿಂಗ್ ಮೇಲಿರುತ್ತದೆ. 45 ಸೆಂ.ಮೀ. ಅಗಲ, 35 ಸೆಂ.ಮೀ. ಎತ್ತರದ ಒಂದು ಹಲಗೆಯ ಮೇಲೆ 80ರ ವೇಗದಲ್ಲಿ ಸುಮಾರು 6 ಕೆ.ಜಿ.ಯಷ್ಟು ಬಲ ಬೀಳುತ್ತದೆ. ಎರಡೂ ಬದಿಗೆ ಸಮನಾಗಿ ಬೀಳುವವರೆಗೆ ತೊಂದರೆ ಇಲ್ಲ. ಕ್ಲಾಂಪ್ ಒಂದು ಕಡೆ ಜಗ್ಗಿದ್ದರೆ, ಹಲಗೆ ಸೊಟ್ಟಗಿದ್ದರೆ, ಅಥವಾ ಗಾಳಿಯೇ ಓರೆಯಾಗಿ ಬಂದರೆ ಸಮ ತಪ್ಪುತ್ತದೆ.

ಜೊತೆಗೆ ತೂಕದ ಮಾತೂ ಇದೆ. ಒಂದೆರಡು ಕೆ.ಜಿ. ಏನು ಮಹಾ ಅನ್ನಿಸಬಹುದು. ಆದರೆ ತಿರುಗುವ ವಸ್ತುವಿನಲ್ಲಿ ತೂಕ ಎಷ್ಟಿದೆ ಎನ್ನುವುದಕ್ಕಿಂತ ಅದು ತಿರುಗುವ ನಡುವಿನಿಂದ ಎಷ್ಟು ದೂರವಿದೆ ಎನ್ನುವುದು ಮುಖ್ಯ. ದೂರ ಎರಡು ಪಟ್ಟಾದರೆ ಪರಿಣಾಮ ನಾಲ್ಕು ಪಟ್ಟು. ಹೆಡ್‌ಲೈಟಿನ ಮುಂದಕ್ಕೂ ಮೇಲಕ್ಕೂ ಚಾಚಿಕೊಂಡ ತೂಕ ಸ್ಟೀರಿಂಗ್ ಅನ್ನು ಜಡವಾಗಿಸುತ್ತದೆ. ತಿರುಗಿಸಲು ತುಸು ಹೆಚ್ಚು ಬಲ ಬೇಕು, ಒಮ್ಮೆ ಅದುರಲು ತೊಡಗಿದರೆ ನಿಲ್ಲುವುದೂ ತಡ.

ಕಂಪನಿಗಳಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಹಾರ್ಲೆ ಡೇವಿಡ್‌ಸನ್‌ನ ಸ್ಟ್ರೀಟ್ ಗ್ಲೈಡ್ ಬೈಕಿನ ಮುಂಭಾಗದ ಹೊದಿಕೆ ಫೋರ್ಕಿಗೆ ಬಿಗಿದದ್ದು, ಅದೇ ಕಂಪನಿಯ ರೋಡ್ ಗ್ಲೈಡ್‌ನಲ್ಲಿ ಚಾಸಿಸ್‌ಗೆ ಬಿಗಿದದ್ದು. ಇವೆರಡರಲ್ಲಿ ಯಾವುದು ಮೇಲು ಎಂದು ಅದರ ಅಭಿಮಾನಿಗಳು ಇಂದಿಗೂ ವಾದಿಸುತ್ತಾರೆ. 1976ರಲ್ಲಿ ಬಂದ ಬಿಎಂಡಬ್ಲ್ಯು ಆರ್100ಆರ್‌ಎಸ್‌ನ ಹೊದಿಕೆಯನ್ನು ಇಟಲಿಯ ಪಿನಿನ್‌ಫರೀನಾ ಸಂಸ್ಥೆಯ ಗಾಳಿ ಸುರಂಗದಲ್ಲಿ ಪರೀಕ್ಷಿಸಿ ರೂಪಿಸಿದ್ದರು. ಸವಾರನಿಗೆ ಗಾಳಿ ತಾಗದಂತೆ ಮಾಡುವುದಷ್ಟೇ ಅದರ ಗುರಿಯಾಗಿರಲಿಲ್ಲ, ವೇಗದಲ್ಲಿ ಮುಂಚಕ್ರ ಹಗುರಾಗದಂತೆ ನೋಡಿಕೊಳ್ಳುವುದೂ ಆಗಿತ್ತು. ಫೋರ್ಕಿಗೆ ಬಿಗಿದದ್ದೆಲ್ಲ ಅಪಾಯ ಎಂದು ಇದರಿಂದ ತಿಳಿಯಬೇಡಿ. ಸ್ಟ್ರೀಟ್ ಗ್ಲೈಡ್‌ನ ಫೋರ್ಕು, ತೂಕ, ಚಕ್ರಗಳ ಅಂತರ ಎಲ್ಲವೂ ಆ ಹೊದಿಕೆಯನ್ನು ಲೆಕ್ಕಕ್ಕೆ ಹಿಡಿದೇ ಮಾಡಿದವು. ನಿಮ್ಮ 150 ಸಿಸಿ ಬೈಕನ್ನು ಮಾಡುವಾಗ ಅಂಗಡಿಯವರ ಹಲಗೆ ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಡ್ಡಗಾಳಿ ಬಂದರೆ?

ಚಿಕ್ಕಪ್ಪನಿಗೆ ಆದದ್ದು ಇದೇ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರಗಳನ್ನು ನೀವು ನೋಡಿರುತ್ತೀರಿ. ಅಲ್ಲಿ ಗಾಳಿ ಬಲವಾಗಿದೆ ಎಂದೇ ಅವನ್ನು ನೆಟ್ಟಿದ್ದಾರೆ. ಮುಂಗಾರಿನಲ್ಲಿ ಗಾಳಿ ನೈಋತ್ಯದಿಂದ ಬೀಸುತ್ತದೆ. ಹಿರಿಯೂರಿನಿಂದ ಚಿತ್ರದುರ್ಗಕ್ಕೆ ರಾಷ್ಟ್ರೀಯ ಹೆದ್ದಾರಿ 48 ಹೋಗುವುದು ವಾಯವ್ಯ ದಿಕ್ಕಿಗೆ. ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ದಾರಿಯಲ್ಲಿ ಸವಾರನ ಎಡಗಡೆಯಿಂದ ಸರಿಯಾಗಿ ಅಡ್ಡಗಾಳಿ.

ಇಂಥ ಗಾಳಿಯಲ್ಲಿ ನಮಗೆ ಗೊತ್ತಿಲ್ಲದೆಯೇ ಗಾಡಿಯನ್ನು ಗಾಳಿ ಬರುವ ಕಡೆಗೆ ತುಸು ವಾಲಿಸಿಕೊಂಡು ಹೋಗುತ್ತಿರುತ್ತೇವೆ. ಈಗ ಬಲಗಡೆಯಿಂದ ಲಾರಿಯನ್ನು ದಾಟಲು ಹೋದಿರಿ ಎನ್ನಿ. ಲಾರಿಯ ಮರೆಗೆ ಬಂದೊಡನೆ ಗಾಳಿ ನಿಂತುಹೋಗುತ್ತದೆ, ವಾಲಿಕೊಂಡಿದ್ದ ಗಾಡಿ ಲಾರಿಯ ಕಡೆಗೇ ಸರಿಯುತ್ತದೆ. ಲಾರಿಯ ಮುಂಭಾಗ ದಾಟಿದ ಕೂಡಲೇ ಗಾಳಿ ಒಮ್ಮೆಲೇ ಬಡಿಯುತ್ತದೆ, ಜೊತೆಗೆ ಲಾರಿಯೇ ಮುಂದಕ್ಕೆ ದಬ್ಬುತ್ತಿರುವ ಗಾಳಿಯೂ ಸೇರಿಕೊಳ್ಳುತ್ತದೆ. ವಿಂಡ್‌ಶೀಲ್ಡ್ ಇಲ್ಲದ ಬೈಕಿಗೂ ಇದು ಆಗುವುದೇ. ಆದರೆ ಮುಂಭಾಗದಲ್ಲಿ ಎತ್ತರದ ಹಲಗೆ ಇದ್ದರೆ ಗಾಳಿಗೆ ಹಿಡಿಯಲು ಜಾಗ ಸಿಕ್ಕಂತೆ. ಅದು ಗಾಡಿಯ ಮೂತಿಯನ್ನು ತಿರುಗಿಸಲು ನೋಡುತ್ತದೆ, ಹ್ಯಾಂಡಲ್‌ಗೆ ಬಿಗಿದಿದ್ದರೆ ಸ್ಟೀರಿಂಗನ್ನೂ ತಿರುಗಿಸುತ್ತದೆ.

ಇಲ್ಲೊಂದು ವಿಚಿತ್ರ. ವೇಗದಲ್ಲಿರುವ ಬೈಕಿನ ಹ್ಯಾಂಡಲ್ ಚೂರು ಬಲಕ್ಕೆ ತಿರುಗಿದರೆ ಗಾಡಿ ಎಡಕ್ಕೆ ವಾಲುತ್ತದೆ. ತಿರುವಿನಲ್ಲಿ ನಾವೆಲ್ಲ ತಿಳಿಯದೆ ಮಾಡುವುದು ಇದನ್ನೇ. ಹೀಗಿರುವಾಗ ಗಾಳಿ ಹ್ಯಾಂಡಲ್ ಅನ್ನು ಒಂದು ಕಡೆ ತಳ್ಳಿದರೆ ಗಾಡಿ ಸವಾರ ಎಣಿಸಿದ ಕಡೆಗೆ ಹೋಗುವುದಿಲ್ಲ. ಗಾಬರಿಯಲ್ಲಿ ಅವನು ಮಾಡುವ ತಿದ್ದುಪಡಿ ಗಾಡಿಯನ್ನು ಇನ್ನಷ್ಟು ಹೊಯ್ದಾಡಿಸುತ್ತದೆ.

ರೇಸಿನವರು ಈ ಪಾಠವನ್ನು ಬಹಳ ಹಿಂದೆಯೇ ಕಲಿತರು. 1950ರ ದಶಕದಲ್ಲಿ ಮುಂಚಕ್ರವನ್ನೂ ಪೂರ್ತಿ ಮುಚ್ಚುವ ದೊಡ್ಡ ಹೊದಿಕೆಗಳು ಬಂದಿದ್ದವು, ಅವುಗಳ ಆಕಾರ ನೋಡಿ 'ಡಸ್ಟ್‌ಬಿನ್' ಎಂದೇ ಕರೆಯುತ್ತಿದ್ದರು. ನೇರ ರಸ್ತೆಯಲ್ಲಿ ಅವು ಬಾಣದಂತೆ ಹೋಗುತ್ತಿದ್ದವು, ಅಡ್ಡಗಾಳಿ ಬಂದರೆ ಸವಾರನ ಮಾತು ಕೇಳುತ್ತಿರಲಿಲ್ಲ. ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ 1958ರ ರೇಸುಗಳಿಂದ ಅವನ್ನು ನಿಷೇಧಿಸಿತು.

ಅದುರುವುದು ಬೇರೆ, ಹೊಯ್ದಾಡುವುದು ಬೇರೆ

ಹ್ಯಾಂಡಲ್ ಮಾತ್ರ ಸೆಕೆಂಡಿಗೆ ಸುಮಾರು 4ರಿಂದ 10 ಸಲ ಪಟಪಟನೆ ಅದುರುವುದು ಒಂದು ಬಗೆ. ಇಡೀ ಗಾಡಿ, ಹಿಂಭಾಗ ಸಮೇತ, ಸೆಕೆಂಡಿಗೆ ಎರಡು ಮೂರು ಸಲ ಹಾವಿನಂತೆ ಹೊಯ್ದಾಡುವುದು ಇನ್ನೊಂದು. ಎರಡನೆಯದು ಹೆಚ್ಚಿನ ವೇಗದಲ್ಲಿ, ಅದರಲ್ಲೂ ಹಿಂದೆ ಟಾಪ್ ಬಾಕ್ಸ್ ಮತ್ತು ಸಾಮಾನು ಹೇರಿಕೊಂಡಾಗ ಕಾಣಿಸಿಕೊಳ್ಳುತ್ತದೆ. ಹಿಂದಿನ ಭಾರ ಮುಂಚಕ್ರವನ್ನು ಹಗುರ ಮಾಡುತ್ತದೆ, ಎತ್ತರದಲ್ಲಿ ಗಾಳಿ ತಳ್ಳಿದರೆ ಇನ್ನಷ್ಟು ಹಗುರ. ಟೂರ್ ಹೊರಡುವವರು ಬಾಕ್ಸು ಮತ್ತು ವಿಂಡ್‌ಶೀಲ್ಡ್ ಎರಡನ್ನೂ ಒಂದೇ ದಿನ ಹಾಕಿಸಿಕೊಂಡು ನೇರವಾಗಿ ಹೈವೇಗೆ ಬರುವುದು ನನಗೆ ಸರಿ ಕಾಣುವುದಿಲ್ಲ.

ಇವೆರಡರಲ್ಲಿ ಯಾವುದೇ ಶುರುವಾದರೂ ಗಕ್ಕನೆ ಮುಂದಿನ ಬ್ರೇಕ್ ಹಿಡಿಯಬೇಡಿ. ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು, ಮೈಯನ್ನು ತುಸು ಮುಂದಕ್ಕೆ ಬಾಗಿಸಿ, ತೋಳು ಬಿಗಿಮಾಡದೆ, ಆಕ್ಸಿಲರೇಟರ್ ನಿಧಾನವಾಗಿ ಇಳಿಸಿ.

ಮೈಲೇಜ್, ಹೆಲ್ಮೆಟ್ ಸದ್ದು

ಮೈಲೇಜ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಊರೊಳಗೆ 30–40ರ ವೇಗದಲ್ಲಿ ವ್ಯತ್ಯಾಸ ಗೊತ್ತಾಗುವಷ್ಟು ಇರುವುದಿಲ್ಲ. ಹೈವೇಯಲ್ಲಿ ಹಲಗೆ ಚೆನ್ನಾಗಿ ಹಿಂದಕ್ಕೆ ವಾಲಿದ್ದರೆ ಸ್ವಲ್ಪ ಲಾಭ ಆಗಬಹುದು. ನೆಟ್ಟಗೆ ಗೋಡೆಯಂತೆ ನಿಂತ, ಸವಾರನಿಗಿಂತ ಅಗಲವಾದ ಹಲಗೆಯಾದರೆ ಪೆಟ್ರೋಲ್ ಹೆಚ್ಚೇ ಕುಡಿಯುತ್ತದೆ.

ಎತ್ತರ ತಪ್ಪಿದರೆ ಇನ್ನೊಂದು ಕಾಟ. ಹಲಗೆಯ ಮೇಲಂಚಿನಿಂದ ಹೊರಟ ಗಾಳಿ ಸುಳಿಸುಳಿಯಾಗಿ ನೇರ ಹೆಲ್ಮೆಟ್‌ಗೆ ಬಡಿದು, ತಲೆ ಅಲುಗಿ, ಸದ್ದು ಮೊದಲಿಗಿಂತ ಜಾಸ್ತಿಯಾಗುತ್ತದೆ. ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕಿಂತ ಮೇಲೆ ಇರಬಾರದು. ರಸ್ತೆಯನ್ನು ಹಲಗೆಯ ಮೇಲಿನಿಂದ ನೋಡಬೇಕು, ಹಲಗೆಯ ಮೂಲಕವಲ್ಲ. ಅದಕ್ಕೆ ವೈಪರ್ ಇಲ್ಲ, ಮಳೆಯ ರಾತ್ರಿಯಲ್ಲಿ ಎದುರಿನ ಗಾಡಿಯ ಬೆಳಕು ಗೀರುಗಳ ಮೇಲೆ ಬಿದ್ದರೆ ಮುಂದೆ ಏನಿದೆ ಎಂದು ಕಾಣುವುದಿಲ್ಲ.

ಈಗಾಗಲೇ ಹಾಕಿಸಿದ್ದರೆ

ಇಂಜಿನ್ ಚಾಲೂ ಇಟ್ಟು, ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡಲ್ ಅನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಹಲಗೆ ಟ್ಯಾಂಕಿಗೆ ತಾಗುತ್ತಿದೆಯೇ, ಕ್ಲಚ್ ಅಥವಾ ಬ್ರೇಕ್ ಕೇಬಲ್ ಬಿಗಿಯುತ್ತಿದೆಯೇ ನೋಡಿ. ತಿರುಗಿಸುವಾಗ ಇಂಜಿನ್ ಸದ್ದು ತಾನಾಗಿ ಏರಿದರೆ ಆಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ ಎಂದರ್ಥ, ಆ ಗಾಡಿಯನ್ನು ಓಡಿಸಬೇಡಿ. ಬೋಲ್ಟುಗಳನ್ನು ಮೊದಲ ವಾರದಲ್ಲೇ ಒಮ್ಮೆ ಬಿಗಿಮಾಡಿಸಿ. ಮುಂದಿನ ಟೈರಿನ ಗಾಳಿ ಮತ್ತು ಕೋನ್‌ಸೆಟ್ ಪರೀಕ್ಷಿಸಿ, ಯಾಕೆಂದರೆ ಸವೆದ ಕೋನ್‌ಸೆಟ್ ಇರುವ ಗಾಡಿಗೆ ವಿಂಡ್‌ಶೀಲ್ಡ್ ಸೇರಿದರೆ ಅದುರುವಿಕೆ ಬೇಗ ಶುರುವಾಗುತ್ತದೆ. ಹಲಗೆಯನ್ನು ಪೆಟ್ರೋಲಿನಿಂದ ಒರೆಸಬೇಡಿ, ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಇಷ್ಟೆಲ್ಲ ಆದ ಮೇಲೂ ಮೊದಲು ಪರಿಚಯದ ರಸ್ತೆಯಲ್ಲಿ, ಗಾಳಿ ಕಡಿಮೆ ಇರುವ ಬೆಳಗಿನ ಹೊತ್ತು, ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಿ ನೋಡಿ.

ಚಿಕ್ಕಪ್ಪನ ಗಾಡಿಯನ್ನು ಬಿಚ್ಚಿದಾಗ ಕೋನ್‌ಸೆಟ್ ಸವೆದಿತ್ತು, ಒಂದು ಕ್ಲಾಂಪೂ ಸಡಿಲಾಗಿತ್ತು. ದೊಡ್ಡ ಹಲಗೆ ತೆಗೆಸಿ, ಹೆಡ್‌ಲೈಟ್ ಮೇಲೆ ಕೂರುವ ಗೇಣುದ್ದದ ವೈಸರ್ ಹಾಕಿಸಿಕೊಂಡಿದ್ದಾರೆ. ಮೆಕ್ಯಾನಿಕ್ ಕೊಟ್ಟ ಬಿಲ್ಲಿನ ಫೋಟೊ ತೆಗೆದು, ಆ ವಿಡಿಯೊಗೇ ರಿಪ್ಲೈ ಮಾಡಿ ಗ್ರೂಪಿಗೆ ಹಾಕಿದರು.