ಹೊಸ ಕಂಪನಿಯ ನೌಕರಿ: ಲಾಭವೆಷ್ಟು, ತೊಡಕೆಷ್ಟು?

ಹುಬ್ಬಳ್ಳಿಯಿಂದ ಗದಗಿನ ಹಾದಿ ಹಿಡಿದವರಿಗೆ ರಸ್ತೆಯ ಇಕ್ಕೆಲಗಳಲ್ಲಿಯೂ ಎರೆಭೂಮಿಯ ಬಯಲು ಕಣ್ಣು ಹರಿಯುವವರೆಗೆ ಕಾಣುತ್ತದೆ. ಆ ಬಯಲಿನ ನಡುವಣ ಊರು ಶಿರಗುಪ್ಪಿ. ಮುಂಗಾರಿಗೆ ಹೆಸರು, ಹಿಂಗಾರಿಗೆ ಜೋಳ ಮತ್ತು ಕಡಲೆ, ಜೊತೆಗೆ ಹತ್ತಿ, ಮೆಣಸಿನಕಾಯಿ. ಮಳೆಯನ್ನು ನಂಬಿ ಬದುಕು ಸಾಗಿಸುವ ಸೀಮೆಯಿದು. ಬಿತ್ತುವ ದಿನವೇ ಬೇರೆ, ಉಣ್ಣುವ ದಿನವೇ ಬೇರೆ ಎಂಬುದನ್ನು ಇಲ್ಲಿಯ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ.

ಇಂಥ ಊರಿನ ಒಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಎರಡು ಕೂರಿಗೆ ಹೊಲ; ಕಾಲೇಜು ಓದುತ್ತಿರುವ ಮಗಳು; ಬ್ಯಾಂಕಿನ ಸಾಲದಿಂದ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿದ ಮಗ. ಅವನ ಕೈಯಲ್ಲಿ ಎರಡು ನೇಮಕದ ಪತ್ರಗಳಿವೆ. ಒಂದು, ಬೆಂಗಳೂರಿನ ಹಳೆಯ ಕಂಪನಿಯದು. ಪಗಾರ ನಿಶ್ಚಿತ, ಭವಿಷ್ಯನಿಧಿಯೂ ಉಂಟು. ಇನ್ನೊಂದು, ಹುಬ್ಬಳ್ಳಿಯ ಹೊಸ ಕಂಪನಿಯದು. ಅಲ್ಲಿರುವವರು ಹನ್ನೆರಡೇ ಜನ, ಪಗಾರ ಕಡಿಮೆ, ಆದರೆ ಮುಂದೆ ಷೇರು ಕೊಡುವೆವೆಂಬ ಮಾತಿದೆ.

“ತಮ್ಮಾ, ಆ ಕಂಪನಿ ಎಷ್ಟು ವರ್ಷದ್ದು?” ಎಂದು ತಂದೆ ಕೇಳುತ್ತಾನೆ.

“ಎರಡು ವರ್ಷದ್ದಪ್ಪಾ.”

“ನಮ್ಮ ಎತ್ತಿನಷ್ಟೂ ವಯಸ್ಸಾಗಿಲ್ಲಲ್ಲೋ ಅದಕ್ಕ!”

ನಗೆ ಬರಿಸುವ ಮಾತಾದರೂ ಅದರಲ್ಲಿ ಸಂಸಾರಸ್ಥನ ನಿಜವಾದ ಆತಂಕವಡಗಿದೆ. ಇಂದು ಶಿರಗುಪ್ಪಿಯಂಥ ಹಳ್ಳಿಗಳಲ್ಲಿ ಮಾತ್ರವಲ್ಲ, ಧಾರವಾಡದ ಮಾಳಮಡ್ಡಿಯಲ್ಲಿ, ಬೆಂಗಳೂರಿನ ಬಸವನಗುಡಿಯಲ್ಲಿ, ಎಷ್ಟೋ ಮನೆಗಳ ಊಟದ ಪಂಕ್ತಿಯಲ್ಲಿ ಈ ಪ್ರಶ್ನೆ ಏಳುತ್ತದೆ. ಆದಕಾರಣ ಅದನ್ನು ಸಾವಧಾನವಾಗಿ ವಿಚಾರಿಸುವುದು ಉಚಿತ.

ನವೋದ್ಯಮವೆಂದರೇನು?

ಹೊಸದಾಗಿ ತೆರೆದ ಕಿರಾಣಿ ಅಂಗಡಿಯೂ ಹೊಸ ಉದ್ಯೋಗವೇ. ಆದರೆ ಅದು ಮೊದಲ ತಿಂಗಳಿನಿಂದಲೇ ತನ್ನ ಖರ್ಚನ್ನು ತಾನು ಗಳಿಸಿಕೊಳ್ಳಬೇಕಾಗುತ್ತದೆ. ‘ಸ್ಟಾರ್ಟಪ್’ ಅಥವಾ ನವೋದ್ಯಮದ ರೀತಿ ಬೇರೆ. ಅದು ಒಂದು ಹೊಸ ಕಲ್ಪನೆಯನ್ನು ಹಿಡಿದು, ಲಾಭ ಬರುವ ಮುನ್ನವೇ ಅನ್ಯರ ಬಂಡವಾಳದಿಂದ ನಡೆದು, ಕೆಲವೇ ವರ್ಷಗಳಲ್ಲಿ ಹತ್ತಾರು ಪಟ್ಟು ಬೆಳೆಯಬೇಕೆಂದು ಹವಣಿಸುತ್ತದೆ. ಬೆಳೆದರೆ ಹೆಮ್ಮರ; ಬಂಡವಾಳ ಬತ್ತಿದರೆ ಬೇರಿನವರೆಗೂ ಒಣಗುತ್ತದೆ. ಇಂಥ ಉದ್ಯಮಗಳಿಗೆ ಉತ್ತೇಜನ ನೀಡಲೆಂದು ಕೇಂದ್ರ ಸರಕಾರವು 2016ರ ಜನವರಿ 16ರಂದು ‘ಸ್ಟಾರ್ಟಪ್ ಇಂಡಿಯಾ’ ಯೋಜನೆಯನ್ನು ಆರಂಭಿಸಿತು. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೇರಿಕೆಯಲ್ಲಿ ಉದ್ಯಮಿಗಳಾಗಿ ಹೆಸರಾದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನವು 2018ರಲ್ಲಿ ಗೋಕುಲ ರಸ್ತೆಯಲ್ಲಿ ನವೋದ್ಯಮಗಳಿಗಾಗಿ ದೊಡ್ಡದೊಂದು ಕೇಂದ್ರವನ್ನು ತೆರೆಯಿತು. ಹೀಗೆ, ಬೆಂಗಳೂರಿಗೆ ಹೋದರೆ ಮಾತ್ರ ದೊರೆಯುತ್ತಿದ್ದ ಇಂಥ ನೌಕರಿ ಈಗ ಶಿರಗುಪ್ಪಿಯ ತರುಣನಿಗೆ ಬಸ್ಸಿನ ಅಳವಿಗೆ ಬಂದಿದೆ.

ನಮ್ಮ ನಾಡಿಗೆ ಇದು ಹೊಸದಲ್ಲ

ಹೆಸರು ಹೊಸದಾದರೂ ಸಾಹಸ ಹಳೆಯದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿದರು. ಅವರು ತಯಾರಿಸಿದ ಕಬ್ಬಿಣದ ನೇಗಿಲನ್ನು ಮೊದಮೊದಲು ಕೊಳ್ಳುವವರೇ ಇರಲಿಲ್ಲ. ಕಬ್ಬಿಣ ತಾಗಿದರೆ ನೆಲಕ್ಕೆ ವಿಷವೆಂಬ ನಂಬಿಕೆ ರೈತರಲ್ಲಿತ್ತು. 1910ರಲ್ಲಿ ಬೆಳಗಾವಿಯನ್ನು ಬಿಟ್ಟು, ಔಂಧ ಸಂಸ್ಥಾನದ ಕುಂಡಲದ ಬಳಿ ಪಾಪಸುಕಳ್ಳಿ ಬೆಳೆದ ಬಂಜರಿನಲ್ಲಿ ಕಾರಖಾನೆ ಹೂಡಿದಾಗ ಅವರ ಬೆನ್ನ ಹಿಂದೆ ಹೋದ ಕೆಲಸಗಾರರೇ ಕಿರ್ಲೋಸ್ಕರವಾಡಿಯ ಮೊದಲ ನಿವಾಸಿಗಳಾದರು.

ಶಿರಗುಪ್ಪಿಯ ರಸ್ತೆಯ ಆ ತುದಿಯಲ್ಲಿರುವ ಗದಗಿನಲ್ಲಿ, 1976ರಲ್ಲಿ ವಿಜಯ ಸಂಕೇಶ್ವರರು ಮನೆತನದ ಮುದ್ರಣದ ಉದ್ಯೋಗವನ್ನು ಬಿಟ್ಟು ಒಂದೇ ಲಾರಿಯಿಂದ ಸಾಗಾಣಿಕೆಯ ವ್ಯವಹಾರಕ್ಕಿಳಿದರು. ಮುಂದೆ ಹುಬ್ಬಳ್ಳಿಯಲ್ಲಿ ನೆಲೆನಿಂತು ವಿ.ಆರ್.ಎಲ್. ಎಂದು ಬೆಳೆದ ಆ ಸಂಸ್ಥೆಯ ಷೇರುಗಳು ಪೇಟೆಗೆ ಬಂದುದು 2015ರಲ್ಲಿ. ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿಗಳಿಂದ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಆರಂಭವಾಯಿತೆಂಬುದು ಮನೆಮಾತಾಗಿದೆ. ಅದು ಷೇರುಪೇಟೆಗೆ ಬರಲು ಹನ್ನೆರಡು ವರ್ಷ ಹಿಡಿಯಿತು; ಅದಕ್ಕೂ ಮೊದಲೇ, 1989ರಲ್ಲಿ, ಸ್ಥಾಪಕರಲ್ಲೊಬ್ಬರು ಹೊರಟುಹೋಗಿದ್ದರು. ಮುಂದೆ ನೌಕರರಿಗೂ ಷೇರು ಹಂಚಿದ ಆ ಕಂಪನಿ ಅನೇಕ ಮಧ್ಯಮ ವರ್ಗದ ಮನೆಗಳ ಭಾಗ್ಯವನ್ನೇ ಬದಲಿಸಿತು.

ಆದರೆ ಇವೆಲ್ಲ ಬದುಕಿ ಉಳಿದವುಗಳ ಕಥೆಗಳು. ನಡುದಾರಿಯಲ್ಲಿ ಅಳಿದ ಕಂಪನಿಗಳ ಹೆಸರನ್ನು ಯಾರೂ ನೆನೆಯುವುದಿಲ್ಲವೆಂಬುದನ್ನು ತಂದೆತಾಯಿಗಳು ಮರೆಯಲಾಗದು.

ಲಾಭದ ಪಕ್ಷ

ಹೊಸ ಕಂಪನಿಯ ಮೊದಲ ಲಾಭ ಕಲಿಕೆ. ದೊಡ್ಡ ಕಂಪನಿಯಲ್ಲಿ ತರುಣನೊಬ್ಬನು ವರ್ಷಗಟ್ಟಲೆ ಯಂತ್ರದ ಒಂದೇ ಮೊಳೆಯನ್ನು ತಿರುಗಿಸುತ್ತಿರಬಹುದು. ಹನ್ನೆರಡು ಜನರಿರುವ ಕಡೆ ಆ ಅನುಕೂಲವೂ ಇಲ್ಲ, ಆ ಬೇಸರವೂ ಇಲ್ಲ. ಮುಂಜಾನೆ ಯಂತ್ರದ ನಕ್ಷೆ ಬರೆದವನೇ ಮಧ್ಯಾಹ್ನ ಗಿರಾಕಿಯ ದೂರನ್ನು ಕೇಳಬೇಕು, ಸಂಜೆ ಖರ್ಚಿನ ಲೆಕ್ಕ ನೋಡಬೇಕು. ಯಜಮಾನನು ಎದುರಿನ ಮೇಜಿನಲ್ಲಿಯೇ ಕುಳಿತಿರುವುದರಿಂದ ಒಳ್ಳೆಯ ಸಲಹೆ ಮೇಲಕ್ಕೇರಲು ಹತ್ತು ಮೆಟ್ಟಿಲುಗಳನ್ನು ಹತ್ತಬೇಕಾಗಿಲ್ಲ.

ಎರಡನೆಯದು ಷೇರಿನ ಆಸೆ. 2007ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಫ್ಲಿಪ್‌ಕಾರ್ಟನ್ನು 2018ರಲ್ಲಿ ಅಮೇರಿಕೆಯ ವಾಲ್‌ಮಾರ್ಟ್ ಕಂಪನಿ ಕೊಂಡಾಗ ಷೇರು ಹೊಂದಿದ್ದ ಹಳೆಯ ನೌಕರರಲ್ಲಿ ಅನೇಕರ ಕೈಗೆ ದೊಡ್ಡ ಮೊತ್ತ ಬಂದಿತು. ಮೂರನೆಯದು, ಹುಬ್ಬಳ್ಳಿಯಲ್ಲಿಯೇ ದುಡಿಯುವುದಾದರೆ ಬೆಂಗಳೂರಿನ ಮನೆಬಾಡಿಗೆ ತಪ್ಪುತ್ತದೆ. ಮಗ ರಾತ್ರಿ ಮನೆಯ ರೊಟ್ಟಿ ಉಣ್ಣುತ್ತಾನೆ.

ತೊಡಕಿನ ಪಕ್ಷ

ಆಸೆಯ ಮಗ್ಗುಲಲ್ಲಿಯೇ ಅಪಾಯವಿದೆ. ಬೆಂಗಳೂರಿನಲ್ಲಿ ಬೆಳೆದ ಬೈಜೂಸ್ ಸಂಸ್ಥೆಗೆ 2022ರಲ್ಲಿ 22 ಶತಕೋಟಿ ಡಾಲರುಗಳ ಬೆಲೆ ಕಟ್ಟಲಾಗಿತ್ತು. 2024ರ ಜುಲೈಯಲ್ಲಿ ಅದರ ಮಾತೃ ಕಂಪನಿಯ ಮೇಲೆ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಅಷ್ಟರೊಳಗೆ ಸಾವಿರಾರು ನೌಕರರು ಕೆಲಸ ಕಳೆದುಕೊಂಡಿದ್ದರು. ಗುರುರಾಜ ದೇಶಪಾಂಡೆಯವರ ಜೀವನವೂ ಇದೇ ಪಾಠವನ್ನು ಹೇಳುತ್ತದೆ. ಅವರು ಕಟ್ಟಿದ ಕ್ಯಾಸ್ಕೇಡ್ ಕಂಪನಿ 1997ರಲ್ಲಿ 3.7 ಶತಕೋಟಿ ಡಾಲರುಗಳಿಗೆ ಮಾರಾಟವಾಯಿತು. ಅನಂತರ ಕಟ್ಟಿದ ಸಿಕಮೋರ್ ಕಂಪನಿಯ ಷೇರು 1999ರಲ್ಲಿ ಪೇಟೆಗೆ ಬಂದ ದಿನವೇ ಹಲವು ಪಟ್ಟು ಏರಿತು; ಎರಡೇ ವರ್ಷಗಳಲ್ಲಿ ನೆಲಕಚ್ಚಿತು. 2013ರಲ್ಲಿ ಆ ಕಂಪನಿಯೇ ವಿಸರ್ಜನೆಯ ದಾರಿ ಹಿಡಿಯಿತು. ಮುಂದಾಳು ಅವರೇ, ಬುದ್ಧಿಯೂ ಅದೇ. ಪೇಟೆಯ ಗಾಳಿ ಮಾತ್ರ ಬದಲಾಗಿತ್ತು.

ಷೇರಿನ ಮಾತನ್ನು ಲೆಕ್ಕವಿಟ್ಟು ತಿಳಿಯಬೇಕು. ಕಂಪನಿಯೊಂದು ನಾಲ್ಕು ವರ್ಷಗಳಲ್ಲಿ ಒಂದು ಸಾವಿರ ಷೇರುಗಳನ್ನು ಕೊಡುವುದಾಗಿ ಬರೆದುಕೊಟ್ಟಿತೆನ್ನಿ. ಅವು ಅಂದೇ ಕೈಗೆ ಬರುವುದಿಲ್ಲ. ಕಾನೂನಿನಂತೆ ಕನಿಷ್ಠ ಒಂದು ವರ್ಷ ಕಾಯಬೇಕು. ಹನ್ನೊಂದು ತಿಂಗಳಿಗೆ ಬಿಟ್ಟವನಿಗೆ ಒಂದೂ ಇಲ್ಲ. ಕಾದ ಮೇಲೂ ಅವು ಪುಕ್ಕಟೆಯಲ್ಲ, ಗೊತ್ತುಪಡಿಸಿದ ಬೆಲೆ ತೆತ್ತು ಕೊಳ್ಳಬೇಕು. ಆ ಬೆಲೆಗೂ ಅಂದಿನ ಮೌಲ್ಯಕ್ಕೂ ಇರುವ ಅಂತರವನ್ನು ಪಗಾರವೆಂದೇ ಎಣಿಸಿ ಆದಾಯಕರ ವಿಧಿಸುತ್ತಾರೆ. ಇಷ್ಟಾದರೂ ಪೇಟೆಗೆ ಬಾರದ ಕಂಪನಿಯ ಷೇರನ್ನು ಕೊಳ್ಳುವವರು ಸುಲಭವಾಗಿ ಸಿಗುವುದಿಲ್ಲ. ಕಣದಲ್ಲಿ ರಾಶಿ ಬಿದ್ದರೂ ಸಂತೆ ಕೂಡದಿದ್ದರೆ ರೈತನಿಗೇನು ಫಲ?

ಸೌಲಭ್ಯಗಳ ಕೊರತೆ ಇನ್ನೊಂದು. ಭವಿಷ್ಯನಿಧಿಯ ಕಾನೂನು ಸಾಮಾನ್ಯವಾಗಿ ಇಪ್ಪತ್ತು ಜನ ನೌಕರರಿರುವ ಸಂಸ್ಥೆಗಳಿಗೆ ಕಡ್ಡಾಯ. ಹನ್ನೆರಡು ಜನರ ಕಂಪನಿ ಅದರ ಹೊರಗುಳಿಯಬಹುದು. ಕಾಯಂ ನೌಕರನಿಗೆ ಗ್ರ್ಯಾಚುಯಿಟಿ ದೊರೆಯಲು ಐದು ವರ್ಷಗಳ ಸತತ ಸೇವೆ ಬೇಕು. ಅಷ್ಟು ಕಾಲ ಕಂಪನಿಯೇ ಬಾಳುವುದೋ ಇಲ್ಲವೋ! ಹೆರಿಗೆಯ ರಜೆಯ ಕಾನೂನು ಹತ್ತು ಜನರಿರುವ ಸಂಸ್ಥೆಗೂ ಅನ್ವಯಿಸುತ್ತದೆ. 2017ರಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ರಜೆಯುಂಟು. ಹೆಣ್ಣುಮಕ್ಕಳನ್ನು ಇಂಥ ಕೆಲಸಕ್ಕೆ ಕಳಿಸುವವರು ಇದನ್ನು ತಿಳಿದಿರತಕ್ಕದ್ದು. ಇವುಗಳ ಮೇಲೆ ಹೊತ್ತುಗೊತ್ತಿಲ್ಲದ ದುಡಿತ, ಕೈಹಿಡಿದು ಕಲಿಸುವ ಹಿರಿಯರ ಅಭಾವ. ಸಂಬಂಧ ನೋಡಲು ಬಂದ ಬೀಗರು ಕಂಪನಿಯ ಹೆಸರನ್ನು ಎರಡು ಸಲ ಕೇಳುವುದೂ ಉಂಟು.

ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಹೋಗಲೇಬಾರದೆ? ಹಾಗಲ್ಲ. ಹಳೆಯ ಕಂಪನಿಗಳೂ ಈಗ ಒಂದೇ ದಿನ ನೂರಾರು ಜನರನ್ನು ಮನೆಗೆ ಕಳಿಸುವುದನ್ನು ಲೋಕ ಕಂಡಿದೆ. ಹೊಸ ಕಂಪನಿಯು ಪಗಾರದ ಒಂದು ಪಾಲನ್ನು ಇಂದಿನ ರೊಕ್ಕದಲ್ಲಿ, ಇನ್ನೊಂದು ಪಾಲನ್ನು ಇನ್ನೂ ಬೆಳೆಯದ ಬೆಳೆಯಲ್ಲಿ ಕೊಡುತ್ತದೆ. ಯಾವುದು ಎಷ್ಟೆಂದು ಬೇರೆಬೇರೆಯಾಗಿ ಎಣಿಸಬಲ್ಲವನು ಮೋಸಹೋಗಲಾರ. ಆದುದರಿಂದ ಸೇರುವ ಮುನ್ನ ಸಂಕೋಚವಿಲ್ಲದೆ ಕೇಳಬೇಕು: ಕೈಯಲ್ಲಿರುವ ಹಣ ಎಷ್ಟು ತಿಂಗಳ ಖರ್ಚಿಗೆ ಸಾಕು? ಪಗಾರ ಎಂದಾದರೂ ತಡವಾಗಿದೆಯೆ? ಹಣ ಕೊಟ್ಟು ಕೊಳ್ಳುವ ಗಿರಾಕಿಗಳು ಎಷ್ಟು? ಷೇರಿನ ಮಾತು ಬರಹದಲ್ಲಿದೆಯೆ, ಬಿಟ್ಟುಹೋದರೆ ಅದರ ಗತಿಯೇನು? ಭವಿಷ್ಯನಿಧಿ, ಆರೋಗ್ಯವಿಮೆಗಳುಂಟೆ? ಉತ್ತರ ಕೊಡಲು ಬೇಸರಪಡುವ ಯಜಮಾನನನ್ನು ದೂರದಿಂದಲೇ ನಮಸ್ಕರಿಸುವುದು ಲೇಸು.

ಅಷ್ಟೇ ಪ್ರಶ್ನೆಗಳನ್ನು ಮನೆಯೂ ತನಗೆ ತಾನೇ ಕೇಳಿಕೊಳ್ಳಬೇಕು. ಮೂರು ತಿಂಗಳು ಪಗಾರ ಬಾರದಿದ್ದರೆ ಸಾಲದ ಕಂತನ್ನು ಕಟ್ಟುವವರು ಯಾರು? ತಂಗಿಯ ಫೀ ಎಲ್ಲಿಂದ? ಒಬ್ಬನ ಗಳಿಕೆಯ ಮೇಲೆಯೇ ನಿಂತ ಸಂಸಾರಕ್ಕೆ ಸಾಹಸ ತುಟ್ಟಿ; ಇನ್ನೊಂದು ಆಧಾರವಿದ್ದರೆ ಅದೇ ಸಾಹಸ ಸಾಧ್ಯ.

ಶಿರಗುಪ್ಪಿಯ ಆ ಮನೆಯ ಮಗ ಈ ಉತ್ತರಗಳನ್ನೆಲ್ಲ ಕೇಳಿ ಬರೆದುಕೊಂಡು ಬಂದು ತಂದೆಯ ಮುಂದೆ ಓದಿದನೆನ್ನಿ.

“ಅಪ್ಪಾ, ನೀ ಏನಂತೀ?”

ತಂದೆ ತುಸು ಹೊತ್ತು ಸುಮ್ಮನಿದ್ದು ಹೇಳುತ್ತಾನೆ: “ಎಲ್ಲಾ ಹೊಲಕ್ಕ ಒಂದ ಬೀಜ ಹಾಕಿದವರು ಯಾರೂ ಉದ್ಧಾರ ಆಗಿಲ್ಲ. ಅಕ್ಕಡಿ ಸಾಲು ಇರಬೇಕು. ಆರು ತಿಂಗಳ ಕಂತಿನ ರೊಕ್ಕ ತೆಗೆದಿಟ್ಟು ಹೋಗು. ಒಂದು ಮುಂಗಾರಿ, ಒಂದು ಹಿಂಗಾರಿ ನೋಡೂಣು. ಕಲಿಯೂದು ನಿಂತಿತು, ಇಲ್ಲಾ ಪಗಾರ ತಪ್ಪಿತು ಅಂದ್ರ ಬೇರೆ ಕಡೆ ಅರ್ಜಿ ಹಾಕು. ಬೆಂಗಳೂರು ಎಲ್ಲೂ ಓಡಿ ಹೋಗೂದಿಲ್ಲ.”