ಮಂಡಿನೋವೂ ಮೂಳೆಯೊಳಗಣ ನೀರೂ

ಮಂಡ್ಯ, ಮದ್ದೂರು, ಮಳವಳ್ಳಿಗಳ ನೀರಾವರಿ ಗದ್ದೆಗಳಲ್ಲಿ ಬಾಗಿ ನಾಟಿಮಾಡುವ ಹೆಂಗಸರಿಗೆ ಮಂಡಿನೋವು ಹೊಸದಲ್ಲ. ಕೆಸರಿನಿಂದ ಕಾಲು ಕಿತ್ತಿಡುವುದು, ಬದುವನ್ನೇರಿ ಇಳಿಯುವುದು, ಹೊರೆ ಹೊರುವುದು, ಕುಕ್ಕರಗಾಲಿನಲ್ಲಿ ಕುಳಿತೇಳುವುದು ಇವೆಲ್ಲವುಗಳ ಭಾರವೂ ಮಂಡಿಯ ಮೇಲೆಯೇ ಬೀಳುತ್ತದೆ. ನೋವು ಹೆಚ್ಚಿದಾಗ ಎಕ್ಸ್‌ರೇ ಚಿತ್ರ ತೆಗೆಸುತ್ತಾರೆ. ಅದರಲ್ಲಿ ದೋಷ ಕಾಣದಿದ್ದರೆ "ಏನೂ ಇಲ್ಲವಂತೆ" ಎಂದು ಮನೆಯವರು ನಿಶ್ಚಿಂತರಾಗುವರು. ನೋಯುತ್ತಿರುವವಳು ಮಾತ್ರ ಸೋಮಾರಿಯೆನಿಸಿಕೊಳ್ಳುವಳು. ಈ ಅನ್ಯಾಯವು ತಪ್ಪಬೇಕೆಂಬುದೇ ನಮ್ಮ ಲೇಖನದ ಉದ್ದೇಶ.

ಮೂಳೆಯು ಒಣಗಿದ ಕೊರಡಲ್ಲ. ತೊಡೆಯ ಮೂಳೆಯೂ ಕಣಕಾಲಿನ ಮೂಳೆಯೂ ಮಂಡಿಯಲ್ಲಿ ಸಂಧಿಸುವ ತುದಿಗಳು ಒಳಗೆ ಜೇನುಗೂಡಿನಂತಿವೆ. ಆ ಗೂಡುಗಳಲ್ಲಿ ಕೊಬ್ಬೂ ರಕ್ತನಾಳಗಳೂ ಕೂಡಿದ ಮಜ್ಜೆಯಿದೆ. ಬಿದ್ದ ಪೆಟ್ಟಿನಿಂದಲೋ, ಮೃದ್ವಸ್ಥಿಯು ಸವೆದು ಭಾರವೆಲ್ಲ ಒಂದೇ ಕಡೆಗೆ ಬೀಳುವುದರಿಂದಲೋ ಆ ಗೂಡಿನ ಎಳೆಗಳು ಸೂಕ್ಷ್ಮವಾಗಿ ಬಿರಿದು ಮಜ್ಜೆಯಲ್ಲಿ ನೀರು ಒಸರಿ ನಿಲ್ಲುವುದುಂಟು. ಇದಕ್ಕೆ ಮಜ್ಜೆಯ ಬಾವು ಎಂದು ಹೆಸರು. ಮೃದ್ವಸ್ಥಿಗೆ ನೋವನ್ನರಿಯುವ ನರಗಳಿಲ್ಲ, ಮೂಳೆಗೆ ಉಂಟು. ಆದಕಾರಣ ಕಾಲೂರಿದೊಡನೆ ನೋವು ಆಳದಿಂದ ಏಳುವುದು.

1895ರಲ್ಲಿ ರಾಂಟ್‌ಜೆನ್ ಪಂಡಿತರು ಕಂಡುಹಿಡಿದ ಎಕ್ಸ್‌ರೇ ಮೂಳೆಯ ಸುಣ್ಣದಂಶವನ್ನು ತೋರಿಸಬಲ್ಲುದೇ ಹೊರತು ಒಳಗೊಸರಿದ ನೀರನ್ನು ತೋರಿಸಲಾರದು. ಅಯಸ್ಕಾಂತದ ಬಲದಿಂದ ನೀರಿನಲ್ಲಿರುವ ಜಲಜನಕವನ್ನು ಗುರುತಿಸುವ ಎಂ.ಆರ್.ಐ. ಚಿತ್ರವು ಅದನ್ನು ತೋರಿಸುತ್ತದೆ. 2001ರಲ್ಲಿ ಅಮೆರಿಕದ ವೈದ್ಯರು ಮಂಡಿ ಸವೆದವರನ್ನು ಹೀಗೆ ಪರೀಕ್ಷಿಸಿದಾಗ, ನೋವಿದ್ದ 351 ಮಂದಿಯಲ್ಲಿ 272 ಮಂದಿಗೂ, ನೋವಿಲ್ಲದ 50 ಮಂದಿಯಲ್ಲಿ 15 ಮಂದಿಗೂ ಮಜ್ಜೆಯಲ್ಲಿ ಇಂತಹ ಗುರುತು ಕಂಡಿತು. ಗುರುತಿದ್ದವರಿಗೆಲ್ಲ ನೋವಿಲ್ಲವಾದರೂ ಎರಡಕ್ಕೂ ಸಂಬಂಧವುಂಟೆಂಬುದು ಸ್ಪಷ್ಟ.

ಇದರ ಚಿಕಿತ್ಸೆಯಲ್ಲಿ ಭಾರವನ್ನಿಳಿಸುವುದೇ ಮೊದಲು. ಬಲಮಂಡಿ ನೋಯುತ್ತಿದ್ದರೆ ಊರುಗೋಲು ಎಡಗೈಯಲ್ಲಿರಬೇಕು. ಕುಕ್ಕರಗಾಲಿನ ಬದಲು ಎತ್ತರದ ಪೀಠವನ್ನು ಬಳಸಬೇಕು. ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನು ವೈದ್ಯರಿಂದ ಕಲಿಯಬೇಕು. ಬಲವಾಗಿ ತಿಕ್ಕಿಸುವುದರಿಂದ ಒಳಗಣ ನೀರು ಇಳಿಯದು. ಪೆಟ್ಟಿನಿಂದಾದ ಬಾವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಶಮನವಾಗುತ್ತದೆ. ಸವೆದ ಮಂಡಿಯಲ್ಲಿನದು ಬಹುಕಾಲ ಉಳಿಯುವುದೂ ಉಂಟು. ಮಂಡಿನೋವಿಗೆಲ್ಲ ಎಂ.ಆರ್.ಐ. ಅವಶ್ಯವಿಲ್ಲ. ಆದರೆ ಜ್ವರ, ನಿದ್ದೆಗೆಡಿಸುವ ನೋವು, ಕಾಲೂರಲಾಗದ ಸ್ಥಿತಿ ಇವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮ ಮನೆಯಲ್ಲಿ ತಾಯಿಯೋ ಅತ್ತೆಯೋ ಮಂಡಿ ನೋಯುತ್ತದೆಂದರೆ, ಚಿತ್ರವು ಏನೇ ಹೇಳಲಿ, ಆಕೆಯ ಮಾತನ್ನು ನಂಬಿರಿ. ಗುಣವಾಗುವವರೆಗೆ ಆಕೆಯ ಹೊರೆಯನ್ನು ಎಲ್ಲರೂ ಹಂಚಿಕೊಳ್ಳಿರಿ. ಔಷಧದಲ್ಲಿ ಅದೂ ಒಂದು ಭಾಗವೆಂದು ನಾವು ಬಲ್ಲೆವು.