ಪಿಯಾನೋದಲ್ಲಿ ಬಾಖ್: ಹಳೆಯ ನೃತ್ಯಮಾಲೆಗಳನ್ನು ಆಲಿಸುವುದು ಹೇಗೆ?

ನಮ್ಮ ಧರ್ಮಕೇಂದ್ರಗಳಲ್ಲಿ ಇಂದು ಕೀಬೋರ್ಡ್ ಇಲ್ಲದ ಗಾಯನ ಮಂಡಳಿ ಅಪರೂಪ. ಅನೇಕ ಮಕ್ಕಳು ಸಂಗೀತ ಶಾಲೆಗಳಿಗೆ ಹೋಗಿ ಪರೀಕ್ಷೆಗಳನ್ನೂ ಬರೆಯುತ್ತಾರೆ. ನುಡಿಸಲು ಕಲಿಯುವವರ ಸಂಖ್ಯೆ ಹೆಚ್ಚುತ್ತಿದೆ ಎಂಬುದು ಸಂತೋಷದ ವಿಷಯ. ಆದರೆ ಆಲಿಸಲು ನಾವು ಕಲಿಯುತ್ತಿದ್ದೇವೆಯೇ? ಸ್ವರಗಳನ್ನು ಸರಿಯಾಗಿ ಒತ್ತುವುದು ಒಂದು ವಿದ್ಯೆಯಾದರೆ, ಆ ಸ್ವರಗಳು ಒಂದಕ್ಕೊಂದು ಏನು ಹೇಳುತ್ತಿವೆ ಎಂದು ಕಿವಿಗೊಡುವುದು ಇನ್ನೊಂದು ವಿದ್ಯೆ. ಎರಡನೆಯದನ್ನು ಕಲಿಯಲು ಬರೋಕ್ ಕಾಲದ ಕೀಬೋರ್ಡ್ ಸ್ವೀಟ್‌ಗಳು ಒಳ್ಳೆಯ ಪಾಠಶಾಲೆ. ಪಿಯಾನೋದಲ್ಲಿ ಧ್ವನಿಮುದ್ರಿತವಾದ ಈ ಕೃತಿಗಳನ್ನು ಹೇಗೆ ಆಲಿಸಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿಯಲು ಪ್ರಯತ್ನಿಸೋಣ.

ಸ್ವೀಟ್ ಎಂದರೇನು?

ಸ್ವೀಟ್ ಎಂದರೆ ನೃತ್ಯಗಳ ಮಾಲೆ. ಸಾಮಾನ್ಯವಾಗಿ ಅದರಲ್ಲಿ ನಾಲ್ಕು ನೃತ್ಯಗಳು ಇದ್ದೇ ಇರುತ್ತವೆ. ಮೊದಲನೆಯದು ಅಲ್ಲೆಮಾಂಡ್, ಜರ್ಮನ್ ಮೂಲದ್ದು, ನಾಲ್ಕು ಎಣಿಕೆಯ ಗಂಭೀರ ನಡಿಗೆ. ಎರಡನೆಯದು ಕೂರಾಂಟ್, ಅಂದರೆ ಓಡುವಂಥದ್ದು. ಮೂರನೆಯದು ಸಾರಾಬಾಂಡ್, ಸ್ಪೇನಿನ ಮೂಲಕ ಯುರೋಪಿನಲ್ಲಿ ಹರಡಿ ಕಾಲಕ್ರಮದಲ್ಲಿ ನಿಧಾನಗೊಂಡ ನೃತ್ಯ. ಕೊನೆಯದು ಜೀಗ್, ಬ್ರಿಟಿಷ್ ದ್ವೀಪಗಳಿಂದ ಬಂದ ಚುರುಕಿನ ಕುಣಿತ. ಸಾರಾಬಾಂಡ್ ಮತ್ತು ಜೀಗ್‌ಗಳ ನಡುವೆ ಮಿನುಯೆಟ್, ಗವೋಟ್, ಬೂರೇ ಮುಂತಾದ ಚಿಕ್ಕ ನೃತ್ಯಗಳನ್ನು ಸೇರಿಸುವ ರೂಢಿಯಿತ್ತು. ಇಡೀ ಮಾಲೆ ಸಾಮಾನ್ಯವಾಗಿ ಒಂದೇ ಆಧಾರ ಸ್ವರದ ಮೇಲೆ ನಿಂತಿರುತ್ತದೆ. ನಮ್ಮ ಸಂಗೀತದ ಭಾಷೆಯಲ್ಲಿ ಹೇಳುವುದಾದರೆ ಶ್ರುತಿ ಒಂದೇ, ನಡೆ ಮಾತ್ರ ಬೇರೆ ಬೇರೆ.

ಬಾಖ್ ಕಾಲಕ್ಕೆ ಇವು ಕುಣಿಯಲು ಬರೆದ ಸಂಗೀತವಾಗಿ ಉಳಿದಿರಲಿಲ್ಲ. ಮನೆಯಲ್ಲಿ ಕುಳಿತು ನುಡಿಸಲು, ವಿದ್ಯಾರ್ಥಿಗಳಿಗೆ ಕಲಿಸಲು, ಸ್ವಂತ ಸಂತೋಷಕ್ಕಾಗಿ ಬರೆದವು ಅವು. ಆದರೂ ಪಾದದ ನೆನಪು ಅವುಗಳಲ್ಲಿ ಉಳಿದಿದೆ.

ಯೊಹಾನ್ ಸೆಬಾಸ್ಟಿಯನ್ ಬಾಖ್ 1685ರಲ್ಲಿ ಜರ್ಮನಿಯ ಐಸೆನಾಖ್‌ನಲ್ಲಿ ಜನಿಸಿದವರು. ಅವರು ಲೂಥರನ್ ಸಭೆಗೆ ಸೇರಿದವರಾಗಿದ್ದು, 1723ರಿಂದ 1750ರಲ್ಲಿ ನಿಧನರಾಗುವವರೆಗೂ ಲೈಪ್‌ಜಿಗ್‌ನಲ್ಲಿ ಚರ್ಚ್ ಸಂಗೀತದ ಹೊಣೆ ಹೊತ್ತಿದ್ದರು. ಕೀಬೋರ್ಡ್‌ಗಾಗಿ ಅವರು ಆರು ಇಂಗ್ಲಿಷ್ ಸ್ವೀಟ್‌ಗಳು, ಆರು ಫ್ರೆಂಚ್ ಸ್ವೀಟ್‌ಗಳು ಮತ್ತು ಆರು ಪಾರ್ಟಿಟಾಗಳನ್ನು ರಚಿಸಿದರು. ಪಾರ್ಟಿಟಾ ಎಂದರೂ ಇಲ್ಲಿ ಸ್ವೀಟ್ ಎಂದೇ ಅರ್ಥ. ಇಂಗ್ಲಿಷ್, ಫ್ರೆಂಚ್ ಎಂಬ ಹೆಸರುಗಳನ್ನು ಬಾಖ್ ಇಟ್ಟದ್ದಲ್ಲ, ನಂತರದವರು ಇಟ್ಟದ್ದು. ಫ್ರೆಂಚ್ ಸ್ವೀಟ್‌ಗಳಲ್ಲಿ ಮೊದಲ ಐದು, ಅವರು ತಮ್ಮ ಎರಡನೆಯ ಪತ್ನಿ ಆನ್ನಾ ಮಗ್ದಲೇನಾಗಾಗಿ 1722ರಲ್ಲಿ ಆರಂಭಿಸಿದ ಪುಸ್ತಕದಲ್ಲಿ ಸಿಗುತ್ತವೆ. 1725ರಲ್ಲಿ ಆರಂಭವಾದ ಎರಡನೆಯ ಪುಸ್ತಕದಲ್ಲಿಯೇ ನಮ್ಮ ಮಕ್ಕಳಿಗೆ ಪರಿಚಿತವಾದ ಜಿ ಮೇಜರ್ ಮಿನುಯೆಟ್ ಇದೆ. ಅದು ಬಾಖ್ ರಚನೆಯೆಂದೇ ಬಹುಕಾಲ ನಂಬಲಾಗಿತ್ತು. ಅದು ಕ್ರಿಸ್ಟಿಯಾನ್ ಪೆಟ್ಸೋಲ್ಡ್ ಅವರದೆಂದು 1970ರ ದಶಕದಲ್ಲಿ ಗುರುತಿಸಲಾಯಿತು.

ಬಾಖ್ ಹುಟ್ಟಿದ ವರ್ಷವೇ ಜನಿಸಿದ ಹ್ಯಾಂಡೆಲ್ ಕೂಡ 1720ರಲ್ಲಿ ಲಂಡನ್ನಿನಲ್ಲಿ ಎಂಟು ಸ್ವೀಟ್‌ಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಐದನೆಯದರ ಕೊನೆಯ ಭಾಗ ‘ಹಾರ್ಮೋನಿಯಸ್ ಬ್ಲ್ಯಾಕ್‌ಸ್ಮಿತ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಹಾರ್ಪ್ಸಿಕಾರ್ಡ್ ಸಂಗೀತ ಪಿಯಾನೋದಲ್ಲಿ ಏಕೆ?

ಈ ಕೃತಿಗಳು ಮುಖ್ಯವಾಗಿ ಹಾರ್ಪ್ಸಿಕಾರ್ಡ್ ಅಥವಾ ಕ್ಲಾವಿಕಾರ್ಡ್ ವಾದ್ಯಕ್ಕಾಗಿ ಬರೆದವು. ಹಾರ್ಪ್ಸಿಕಾರ್ಡ್‌ನಲ್ಲಿ ಕೀಲಿ ಒತ್ತಿದಾಗ ಚಿಕ್ಕ ಕೊಕ್ಕೆಯೊಂದು ತಂತಿಯನ್ನು ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಪಿಯಾನೋದಲ್ಲಿ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ. ಆದುದರಿಂದ ಬೆರಳಿನ ಬಲಕ್ಕೆ ತಕ್ಕಂತೆ ಸದ್ದು ಹೆಚ್ಚುತ್ತದೆ, ಕುಗ್ಗುತ್ತದೆ. ಈ ವಾದ್ಯವನ್ನು ಇಟಲಿಯ ಬಾರ್ತೊಲೊಮಿಯೊ ಕ್ರಿಸ್ತೊಫೋರಿ ಸುಮಾರು 1700ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ ನಿರ್ಮಿಸಿದರು. ಬಾಖ್ ಪಿಯಾನೋವನ್ನೇ ಕಂಡಿರಲಿಲ್ಲವೆಂದಲ್ಲ. 1747ರಲ್ಲಿ ಪಾಟ್ಸ್‌ಡಾಮ್ ಅರಮನೆಯಲ್ಲಿ ರಾಜ ಎರಡನೆಯ ಫ್ರೆಡರಿಕ್ ಎದುರು ಅವರು ಅದನ್ನು ನುಡಿಸಿದ್ದರು. ಆದರೆ ಅಂದಿನ ಆ ವಾದ್ಯಕ್ಕೂ ಇಂದಿನ 88 ಕೀಲಿಗಳ ಪಿಯಾನೋಕ್ಕೂ ಬಹಳ ಅಂತರವಿದೆ.

ಹಾಗಾದರೆ ಪಿಯಾನೋದಲ್ಲಿ ನುಡಿಸುವುದು ತಪ್ಪೇ? ಈ ಬಗ್ಗೆ ವಾದ ಇಂದಿಗೂ ನಿಂತಿಲ್ಲ. ನಮಗೆ ತೋರುವುದು ಇಷ್ಟು: ಪಿಯಾನೋ ಒಂದು ಲಾಭವನ್ನೂ ಒಂದು ಅಪಾಯವನ್ನೂ ತರುತ್ತದೆ. ಲಾಭವೆಂದರೆ ಎರಡು ಮೂರು ರಾಗಗಳು ಒಟ್ಟಿಗೆ ಸಾಗುವಾಗ ಒಂದನ್ನು ಮುಂದೆ ತಂದು, ಇನ್ನೊಂದನ್ನು ಹಿಂದೆ ಸರಿಸಿ, ಕೇಳುಗನಿಗೆ ಸ್ಪಷ್ಟವಾಗಿ ತೋರಿಸಬಹುದು. ಅಪಾಯವೆಂದರೆ ಪೆಡಲ್. ಬಲಗಾಲಿನ ಪೆಡಲ್ ಒತ್ತಿ ಹಿಡಿದರೆ ಸ್ವರಗಳು ಒಂದರೊಳಗೊಂದು ಕರಗಿ, ನೃತ್ಯದ ಹೆಜ್ಜೆ ಮಸುಕಾಗುತ್ತದೆ. ಒಳ್ಳೆಯ ವಾದಕರು ಅದನ್ನು ಮಿತವಾಗಿ ಬಳಸುತ್ತಾರೆ. ನಮ್ಮ ಕೀಬೋರ್ಡ್ ವಾದಕರಿಗೂ ಇದರಲ್ಲಿ ಪಾಠವಿದೆ.

ಕೇಳಬೇಕಾದುದು ಏನನ್ನು?

ಒಂದು ಉದಾಹರಣೆಯಾಗಿ ಜಿ ಮೇಜರ್‌ನಲ್ಲಿರುವ ಐದನೆಯ ಫ್ರೆಂಚ್ ಸ್ವೀಟ್ ಅನ್ನು ತೆಗೆದುಕೊಳ್ಳೋಣ. ಅದರಲ್ಲಿ ಏಳು ಭಾಗಗಳಿವೆ: ಅಲ್ಲೆಮಾಂಡ್, ಕೂರಾಂಟ್, ಸಾರಾಬಾಂಡ್, ಗವೋಟ್, ಬೂರೇ, ಲೂರ್ ಮತ್ತು ಜೀಗ್. ಪೂರ್ತಿ ಕೇಳಲು ಸುಮಾರು 15ರಿಂದ 20 ನಿಮಿಷ ಸಾಕು.

1. ಎಡಗೈಯನ್ನು ಕೇಳಿರಿ. ನಾವು ಸಾಮಾನ್ಯವಾಗಿ ಮೇಲಿನ ರಾಗವನ್ನಷ್ಟೇ ಹಿಂಬಾಲಿಸುತ್ತೇವೆ. ಬಾಖ್ ಕೃತಿಗಳಲ್ಲಿ ಎಡಗೈ ಬರೀ ಆಧಾರವಲ್ಲ, ಅದೂ ಹಾಡುತ್ತದೆ. ಒಮ್ಮೆ ಎಡಗೈಯನ್ನು ಮಾತ್ರ ಹಿಂಬಾಲಿಸಿ ನೋಡಿರಿ. ಮೊಬೈಲಿನ ಚಿಕ್ಕ ಸ್ಪೀಕರ್‌ನಲ್ಲಿ ಕೆಳಸ್ವರಗಳು ಬಹುಪಾಲು ಕಳೆದುಹೋಗುತ್ತವೆ. ಆದುದರಿಂದ ಇಯರ್‌ಫೋನ್ ಬಳಸುವುದು ಒಳ್ಳೆಯದು.

2. ಹೆಜ್ಜೆಯನ್ನು ಗುರುತಿಸಿರಿ. ಸಾರಾಬಾಂಡ್‌ನಲ್ಲಿ ಮೂರು ಎಣಿಕೆಗಳಿದ್ದು, ಭಾರ ಹೆಚ್ಚಾಗಿ ಎರಡನೆಯದರ ಮೇಲೆ ಬೀಳುತ್ತದೆ. ಗವೋಟ್ ಎಣಿಕೆಯ ಮಧ್ಯದಿಂದ ಹೊರಡುತ್ತದೆ. ವಾದಕರು ಇದನ್ನು ನಮಗೆ ತಿಳಿಯುವಂತೆ ನುಡಿಸಿದ್ದಾರೆಯೇ?

3. ಪುನರಾವರ್ತನೆಯನ್ನು ಗಮನಿಸಿರಿ. ಪ್ರತಿ ನೃತ್ಯಕ್ಕೂ ಎರಡು ಭಾಗಗಳು. ಮೊದಲನೆಯದು ಮನೆಯಿಂದ ಹೊರಡುತ್ತದೆ, ಎರಡನೆಯದು ಮನೆಗೆ ಮರಳುತ್ತದೆ. ಎರಡನ್ನೂ ಮತ್ತೊಮ್ಮೆ ನುಡಿಸಬೇಕೆಂದು ಬಾಖ್ ಗುರುತು ಹಾಕಿದ್ದಾರೆ. ಎರಡನೆಯ ಸಲ ಹೊಸ ಅಲಂಕಾರಗಳನ್ನು ಸೇರಿಸುವುದು ಆ ಕಾಲದ ಪದ್ಧತಿ. ಅಲಂಕಾರ ಅರ್ಥವನ್ನು ಬೆಳಗಿತೇ ಅಥವಾ ಆಡಂಬರವಾಯಿತೇ ಎಂದು ನಾವೇ ತೀರ್ಮಾನಿಸಬಹುದು.

4. ಜೀಗ್‌ನ ಎರಡನೆಯ ಭಾಗಕ್ಕೆ ಕಿವಿಗೊಡಿರಿ. ಈ ಸ್ವೀಟ್‌ನ ಜೀಗ್‌ನಲ್ಲಿ ಮೊದಲ ಭಾಗದ ರಾಗವೇ ಎರಡನೆಯ ಭಾಗದಲ್ಲಿ ತಲೆಕೆಳಗಾಗಿ ಬರುತ್ತದೆ. ಇಳಿದದ್ದು ಏರುತ್ತದೆ, ಏರಿದ್ದು ಇಳಿಯುತ್ತದೆ. ಇದನ್ನು ಒಮ್ಮೆ ಗುರುತಿಸಿದವರಿಗೆ ಆ ಸಂತೋಷ ಮರೆಯದು.

ಯಾರ ಧ್ವನಿಮುದ್ರಣ?

ಒಂದೇ ಕೃತಿಯನ್ನು ಇಬ್ಬರಿಂದ ಕೇಳುವುದು ಉತ್ತಮ ಅಭ್ಯಾಸ. ಕೆನಡಾದ ಗ್ಲೆನ್ ಗೂಲ್ಡ್ 1964ರಲ್ಲಿ ಸಾರ್ವಜನಿಕ ಕಛೇರಿಗಳನ್ನು ನಿಲ್ಲಿಸಿ, 1982ರಲ್ಲಿ ನಿಧನರಾಗುವವರೆಗೂ ಸ್ಟುಡಿಯೋದಲ್ಲಿಯೇ ದುಡಿದರು. ಫ್ರೆಂಚ್ ಸ್ವೀಟ್‌ಗಳನ್ನು ಅವರು 1970ರ ದಶಕದ ಆರಂಭದಲ್ಲಿ ಧ್ವನಿಮುದ್ರಿಸಿದರು. ಬಿಡಿಬಿಡಿಯಾದ ಸ್ವರಗಳು, ಹಲವೆಡೆ ಅನಿರೀಕ್ಷಿತ ವೇಗ. ನುಡಿಸುತ್ತ ಅವರು ಗುನುಗುವುದೂ ಮುದ್ರಣದಲ್ಲಿ ಕೇಳಿಸುತ್ತದೆ. ಕೆಲವರಿಗೆ ಇದು ಕಿರಿಕಿರಿ, ಕೆಲವರಿಗೆ ಆತ್ಮೀಯ. ಹಂಗೇರಿ ಮೂಲದ ಆಂದ್ರಾಶ್ ಶಿಫ್ ಮತ್ತು ಕೆನಡಾದ ಆಂಜೆಲಾ ಹ್ಯೂವಿಟ್ ಅವರ ಮುದ್ರಣಗಳಲ್ಲಿ ನೃತ್ಯದ ಲವಲವಿಕೆಯನ್ನೂ ಹಾಡಿನ ಗುಣವನ್ನೂ ಒಟ್ಟಿಗೆ ಕೇಳಬಹುದು. ಹ್ಯಾಂಡೆಲ್ ಸ್ವೀಟ್‌ಗಳನ್ನು ಸ್ವಿಯಾತೊಸ್ಲಾವ್ ರಿಕ್ಟರ್ ಮತ್ತು ಆಂದ್ರೇ ಗವ್ರಿಲೋವ್ 1979ರಲ್ಲಿ ಫ್ರಾನ್ಸಿನಲ್ಲಿ ಸರದಿಯಂತೆ ನುಡಿಸಿದರು. ಒಬ್ಬರು ನುಡಿಸುವಾಗ ಇನ್ನೊಬ್ಬರು ಪುಟ ತಿರುವುತ್ತಿದ್ದರು.

ಅಮೆರಿಕದ ಮರ‍್ರೇ ಪೆರಾಯಾ ಅವರ ಕಥೆ ಬೇರೆ. 1990ರ ದಶಕದಲ್ಲಿ ಹೆಬ್ಬೆರಳಿನ ಗಾಯದ ತೊಂದರೆಯಿಂದ ಅವರು ವೇದಿಕೆಯಿಂದ ದೂರ ಉಳಿಯಬೇಕಾಯಿತು. ನುಡಿಸಲಾಗದ ಆ ದಿನಗಳಲ್ಲಿ ಬಾಖ್ ಕೃತಿಗಳ ಅಧ್ಯಯನವೇ ಅವರಿಗೆ ಆಸರೆಯಾಯಿತು. ನಂತರ ಹೊರಬಂದ ಅವರ ಇಂಗ್ಲಿಷ್ ಸ್ವೀಟ್‌ಗಳಲ್ಲಿ ಆ ದೀರ್ಘ ಆಲಿಸುವಿಕೆಯ ಫಲವಿದೆ ಎಂದು ನಮಗನಿಸುತ್ತದೆ.

ಹುಟ್ಟಿನಿಂದ ವಿದಾಯದವರೆಗೆ

ಕೊನೆಯದಾಗಿ ಒಂದು ಧ್ವನಿಮುದ್ರಣವನ್ನು ವಿಶೇಷವಾಗಿ ಹೆಸರಿಸಬೇಕು. ಬಿ ಫ್ಲ್ಯಾಟ್ ಮೇಜರ್‌ನ ಮೊದಲ ಪಾರ್ಟಿಟಾವನ್ನು ಬಾಖ್ 1726ರಲ್ಲಿ ಪ್ರಕಟಿಸಿದರು. ಅದರ ಒಂದು ಪ್ರತಿಯನ್ನು, ತಾವು ಹಿಂದೆ ಸೇವೆ ಸಲ್ಲಿಸಿದ್ದ ಕೋಥೆನ್ ಅರಮನೆಯಲ್ಲಿ ಆಗಷ್ಟೇ ಜನಿಸಿದ್ದ ಎಳೆಯ ರಾಜಕುಮಾರನಿಗೆ ಅರ್ಪಿಸಿದರು.

ರುಮೇನಿಯಾದ ದಿನು ಲಿಪಾಟಿ ಅದೇ ಕೃತಿಯನ್ನು 1950ರ ಜುಲೈಯಲ್ಲಿ ಜಿನೀವಾದಲ್ಲಿ ಧ್ವನಿಮುದ್ರಿಸಿದರು. ಹಾಜ್‌ಕಿನ್ ಕಾಯಿಲೆಯಿಂದ ಬಳಲುತ್ತಿದ್ದ ಅವರಿಗೆ ಆಗ ತಾನೇ ಬಳಕೆಗೆ ಬಂದಿದ್ದ ಕಾರ್ಟಿಸೋನ್ ಔಷಧಿಯಿಂದ ಕೆಲವು ವಾರಗಳ ಶಕ್ತಿ ಮರಳಿತ್ತು. ಆ ವರ್ಷದ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಬೆಜಾನ್ಸೋನ್ ನಗರದಲ್ಲಿ ಅವರ ಕೊನೆಯ ಕಛೇರಿ ನಡೆಯಿತು. ಕಛೇರಿ ಆರಂಭವಾದದ್ದು ಇದೇ ಪಾರ್ಟಿಟಾದಿಂದ. ಕೊನೆಯಲ್ಲಿ ಶೋಪಾನ್ ಅವರ 14 ವಾಲ್ಟ್ಸ್‌ಗಳಿದ್ದವು. ಹದಿಮೂರನ್ನು ನುಡಿಸಿದ ಬಳಿಕ ಕೊನೆಯದಕ್ಕೆ ಶಕ್ತಿ ಉಳಿದಿರಲಿಲ್ಲ. ಅದರ ಬದಲು ಅವರು ಬಾಖ್ ಅವರ ‘ಜೀಸು, ಜಾಯ್ ಆಫ್ ಮ್ಯಾನ್ಸ್ ಡಿಸೈರಿಂಗ್’ ನುಡಿಸಿ ಕಛೇರಿ ಮುಗಿಸಿದರು. ಡಿಸೆಂಬರ್ 2ರಂದು, ತಮ್ಮ 33ನೆಯ ವಯಸ್ಸಿನಲ್ಲಿ ನಿಧನರಾದರು.

ಜಿನೀವಾದ ಆ ಮುದ್ರಣವನ್ನು ಕೇಳುವಾಗ ಕಾಯಿಲೆಯ ಸುಳಿವೇ ಸಿಗುವುದಿಲ್ಲ. ಆರಂಭದ ಪ್ರೆಲ್ಯೂಡ್ ಸ್ವಚ್ಛ ನೀರಿನಂತಿದೆ. ಕೊನೆಯ ಜೀಗ್‌ನಲ್ಲಿ ಎಡಗೈ ಬಲಗೈಯನ್ನು ದಾಟಿ ದಾಟಿ ಹೋಗುತ್ತದೆ, ಆದರೂ ಎಲ್ಲಿಯೂ ಅವಸರವಿಲ್ಲ. ನನ್ನ ನೋವನ್ನು ನೋಡಿರಿ ಎಂದು ಅವರು ಹೇಳುವುದಿಲ್ಲ, ಈ ಸಂಗೀತವನ್ನು ಕೇಳಿರಿ ಎನ್ನುತ್ತಾರೆ. ಬಲಿಪೂಜೆಯಲ್ಲಿ ವಾದ್ಯ ನುಡಿಸುವ ನಮಗೆಲ್ಲ ಇದಕ್ಕಿಂತ ದೊಡ್ಡ ಪಾಠ ಬೇರೆ ಬೇಕೇ?

ಆದುದರಿಂದ ಗಾಯನ ಮಂಡಳಿಯ ಮಿತ್ರರಲ್ಲಿ ನಮ್ಮದೊಂದು ಸಲಹೆ. ಮುಂದಿನ ಅಭ್ಯಾಸದ ದಿನ ಕೀಬೋರ್ಡಿನ ಸಿದ್ಧ ತಾಳವನ್ನು ಹಾಕುವ ಮೊದಲು, ಹತ್ತು ನಿಮಿಷ ಎಲ್ಲರೂ ಸುಮ್ಮನೆ ಕುಳಿತು ಈ ನೃತ್ಯಗಳಲ್ಲಿ ಎರಡನ್ನು ಆಲಿಸಿರಿ. ಬಳಿಕ ನಿಮ್ಮ ಹಾಡನ್ನು ಎತ್ತಿಕೊಳ್ಳಿರಿ. ಪಕ್ಕದವರ ಸ್ವರ ಅಂದು ನಿಮಗೆ ಇನ್ನೂ ಸ್ಪಷ್ಟವಾಗಿ ಕೇಳಿಸೀತು.